ಭೀಮೆಯ ಎರಡು ದಂಡೆ, ಸ್ವಾತಂತ್ರ್ಯದ ಲೆಕ್ಕ

ಪರಕೀಯರ ಆಳ್ವಿಕೆ ಮುಗಿದ ಮೇಲೆ ವಸಾಹತುಗಳ ರಾಜಕೀಯ ಏನಾಯಿತು, ಬದುಕು ಏನಾಯಿತು ಎಂಬ ಪ್ರಶ್ನೆಗೆ ವಿದ್ವಾಂಸರು ಸಾಮಾನ್ಯವಾಗಿ ದೇಶಗಳನ್ನು ಅಳತೆಗೋಲಾಗಿ ಇಟ್ಟುಕೊಂಡು ಉತ್ತರ ಕೊಡುತ್ತಾರೆ. ಘಾನಾ ಹೀಗಾಯಿತು, ಕಾಂಗೋ ಹಾಗಾಯಿತು, ಭಾರತ ಮತ್ತೊಂದು ರೀತಿಯಾಯಿತು ಎನ್ನುತ್ತಾರೆ. ಆ ಅಳತೆಯಲ್ಲಿ ಒಂದು ದೇಶದೊಳಗಿನ ಸೀಮೆ ಸೀಮೆಗಳ ವ್ಯತ್ಯಾಸ ಕಾಣುವುದೇ ಇಲ್ಲ. ಹಳೆಯ ಸಿಂದಗಿ ತಾಲೂಕಿನ ದೇವಣಗಾಂವದಂಥ ಭೀಮಾ ದಂಡೆಯ ಊರಿನಿಂದ ನೋಡಿದರೆ ಈ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಇಲ್ಲಿ ಈಚೆ ದಂಡೆ ಬ್ರಿಟಿಷರ ಮುಂಬೈ ಪ್ರಾಂತಕ್ಕೆ ಸೇರಿತ್ತು, ಹೊಳೆ ದಾಟಿದರೆ ಅಫಜಲಪುರ ಸೀಮೆ ನಿಜಾಮನದು. ಈಚೆ ದಂಡೆಗೆ ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15ಕ್ಕೆ, ಆಚೆ ದಂಡೆಗೆ 1948ರ ಸೆಪ್ಟೆಂಬರ್ 17ಕ್ಕೆ; ಎರಡೂ ದಂಡೆ ಒಂದೇ ರಾಜ್ಯದೊಳಗೆ ಕೂಡಿದ್ದು 1956ರ ನವೆಂಬರ್ 1ಕ್ಕೆ. ಈ ಮೂರು ತಾರೀಖುಗಳ ನಡುವೆ ಇಲ್ಲಿಯ ಜನಕ್ಕೆ ದೊರೆತ ರಾಜಕೀಯ ಲಾಭ ನಿಜವಾದದ್ದು, ಬೇಗ ಬಂದದ್ದು. ಆರ್ಥಿಕ ಲಾಭ ಮಾತ್ರ ತಡವಾಯಿತು, ಅಂಕುಡೊಂಕಾಯಿತು. ಇದಕ್ಕೆ ಬ್ರಿಟಿಷರು ಮಾಡಿದ ಲೂಟಿಯಷ್ಟೇ ಕಾರಣವಲ್ಲ, ನಮ್ಮವರ ಅಸಡ್ಡೆಯಷ್ಟೇ ಕಾರಣವೂ ಅಲ್ಲ. ಸ್ವತಂತ್ರ ಸರ್ಕಾರ ತನಗೆ ಬಂದ ಹಳೆಯ ಗೆರೆಗಳನ್ನೂ ಹಳೆಯ ಹೂಡಿಕೆಗಳನ್ನೂ ಹಕ್ಕುಗಳೆಂದು ಮನ್ನಿಸಿತು. ಹೀಗಾಗಿ ಪರಕೀಯರು ಎಲ್ಲಿ ಏನನ್ನೂ ಕಟ್ಟಿರಲಿಲ್ಲವೋ ಅಲ್ಲಿಯ ರೈತನ ಪಾಲಿಗೆ ಕಾನೂನಿನ ಎದುರು ತೋರಿಸಲು ಏನೂ ಇಲ್ಲದಂತಾಯಿತು. ಈ ಲೇಖನದ ವಾದ ಇದೇ.

ಎರಡು ಆಳ್ವಿಕೆಗಳು ಎಷ್ಟು ಭಿನ್ನವಾಗಿದ್ದವು ಎಂಬುದನ್ನು ಮೊದಲು ತಿಳಿಯಬೇಕು. 1818ರಲ್ಲಿ ಪೇಶ್ವೆಯ ರಾಜ್ಯ ಮುಗಿದಾಗ ವಿಜಯಪುರದ ಸೀಮೆ ಸಾತಾರಾ ರಾಜನ ಕೈಗೆ ಹೋಯಿತು. 1848ರಲ್ಲಿ ಆ ರಾಜ್ಯವನ್ನೇ ಬ್ರಿಟಿಷರು ನುಂಗಿದರು. ಮುಂದೆ ಕಲಾದಗಿ ಜಿಲ್ಲೆಯಾಯಿತು. 1885ರಲ್ಲಿ ಜಿಲ್ಲಾ ಕಚೇರಿ ವಿಜಯಪುರಕ್ಕೆ ಬಂತು. ಈಚೆ ದಂಡೆಯಲ್ಲಿ ರೈತವಾರಿ ಪದ್ಧತಿ ನಡೆಯಿತು. ಹೊಲ ಹೊಲಕ್ಕೂ ಮೋಜಣಿ, ಮಣ್ಣಿನ ದರ್ಜೆ, ಅದರ ಮೇಲೆ ನಗದು ಕಂದಾಯ, ರೈತನ ಹೆಸರಿನಲ್ಲಿ ಉತಾರ. ಆಚೆ ದಂಡೆಯಲ್ಲಿ ಜಹಗೀರುಗಳು, ಉರ್ದು ಕಚೇರಿ, ಹಾಲಿ ಸಿಕ್ಕಾ ನಾಣ್ಯ, ಕರೋಡಗಿರಿಯ ಸುಂಕ. ನಿಜಾಮನ 7 ರೂಪಾಯಿ ಬ್ರಿಟಿಷರ 6 ರೂಪಾಯಿಗೆ ಸಮವಾಗಿತ್ತು. ಭಾಷೆ ಒಂದೇ, ಬೀಗತನ ಒಂದೇ, ಎರೆಮಣ್ಣಿನ ಬಿಳಿಜೋಳವೂ ಒಂದೇ ಆಗಿದ್ದ ಜನ, ಹೊಳೆ ದಾಟಿದ ಕೂಡಲೇ ನಾಣ್ಯ ಬದಲಿಸಬೇಕಿತ್ತು, ಮಾಲಿಗೆ ಸುಂಕ ಕಟ್ಟಬೇಕಿತ್ತು. ಹೈದರಾಬಾದು ಸಂಸ್ಥಾನದ ವಿಮೋಚನಾ ಹೋರಾಟ ನಡೆಸಿದ ಸ್ವಾಮಿ ರಮಾನಂದ ತೀರ್ಥರು 1903ರಲ್ಲಿ ಹುಟ್ಟಿದ್ದು ಈಚೆಯ ಸಿಂದಗಿಯಲ್ಲಿ. ನಿಜಾಮನ ವಿರುದ್ಧ ಕಾಂಗ್ರೆಸ್ಸನ್ನು ಕಟ್ಟಿ ಜೈಲು ಸೇರಿದ್ದು ಆಚೆ. ಗಡಿ ಎಷ್ಟು ಕೃತಕವಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಕೃತಕವಾದದ್ದೂ ನೂರು ವರ್ಷ ನಿಂತರೆ ಫಲ ಕೊಡುತ್ತದೆ. ಈಚೆ ದಂಡೆಗೆ ದಾಖಲೆ, ಕೋರ್ಟು, ಅಷ್ಟಿಷ್ಟು ಶಾಲೆ, ಸ್ಥಳೀಯ ಮಂಡಳಿಗಳು ದಕ್ಕಿದವು. ಆಚೆ ದಂಡೆಗೆ ಅವೂ ಅಷ್ಟಾಗಿ ದಕ್ಕಲಿಲ್ಲ.

ಹಾಗಾದರೆ ಬ್ರಿಟಿಷರ ಆಳ್ವಿಕೆಯೇ ಮೇಲಾಗಿತ್ತು ಎನ್ನೋಣವೇ? 1876ರಿಂದ 1878ರವರೆಗಿನ ಬರಗಾಲದ ಲೆಕ್ಕ ಎದುರಿಗಿಟ್ಟುಕೊಂಡು ಈ ಮಾತು ಆಡಬೇಕು. 1872ರ ಜನಗಣತಿಯಲ್ಲಿ ಕಲಾದಗಿ ಜಿಲ್ಲೆಯ ಜನಸಂಖ್ಯೆ 8 ಲಕ್ಷ ದಾಟಿತ್ತು. 1881ರ ಹೊತ್ತಿಗೆ ಅದು 6.4 ಲಕ್ಷದ ಆಸುಪಾಸಿಗೆ ಕುಸಿಯಿತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಐದರಲ್ಲಿ ಒಬ್ಬ ಮನುಷ್ಯ ಲೆಕ್ಕದಿಂದ ಮಾಯವಾದದ್ದು ಮಾತ್ರ ನಿಜ. ಆ ಹೊತ್ತಿನಲ್ಲಿ ಬರ ಪರಿಹಾರದ ಖರ್ಚು ಕಡಿಮೆ ಮಾಡಲು ಬಂದ ರಿಚರ್ಡ್ ಟೆಂಪಲ್, ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಪುಡಿಗಾಸು ಸಾಕು ಎಂದ. ಒಂದು ಪೌಂಡು ಎಂದರೆ ಅರ್ಧ ಕಿಲೋಕ್ಕೂ ಕಡಿಮೆ. ದೇಶದಿಂದ ಹೊರಗೆ ಹೋಗುವ ಧಾನ್ಯಕ್ಕೆ ತಡೆ ಬೀಳಲಿಲ್ಲ. ಮೋಜಣಿ ಮಾಡಿ ಪ್ರತಿ ಹೊಲದ ಮಣ್ಣನ್ನು ಅಳೆದಿದ್ದ ಸರ್ಕಾರಕ್ಕೆ ಆ ಹೊಲದಲ್ಲಿ ಏನೂ ಬೆಳೆದಿಲ್ಲ ಎಂಬುದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಅದಕ್ಕೆ ಉತ್ತರ ಹೇಳಬೇಕಾದ ಹಂಗು ಅದಕ್ಕಿರಲಿಲ್ಲ.

ಇದನ್ನು 1972–73ರ ಬರದ ಜೊತೆ ಇಟ್ಟು ನೋಡಬೇಕು. ಮಹಾರಾಷ್ಟ್ರದ ಒಳನಾಡಿಗೂ ವಿಜಯಪುರದ ಸೀಮೆಗೂ ಅಪ್ಪಳಿಸಿದ ಆ ಬರ ಮಳೆಯ ಕೊರತೆಯಲ್ಲಿ ಸಣ್ಣದೇನಲ್ಲ. ದನ ಹೋದವು, ಹೊಲ ಬೀಳುಬಿದ್ದವು, ಜನ ಗುಳೆ ಎದ್ದರು. ಆದರೆ ಹಿಂದಿನ ಶತಮಾನದಂತೆ ಊರಿಗೆ ಊರೇ ಸಾಯಲಿಲ್ಲ. ರಸ್ತೆ, ಕೆರೆ, ಒಡ್ಡುಗಳ ಕೆಲಸಕ್ಕೆ ಲಕ್ಷಗಟ್ಟಲೆ ಜನರನ್ನು ಹಚ್ಚಲಾಯಿತು. ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಯೋಜನೆ ಆ ಅನುಭವದಿಂದಲೇ ಗಟ್ಟಿಗೊಂಡಿತು. ಮತ ಹಾಕುವ ಜನ ಇರುವಲ್ಲಿ, ಪತ್ರಿಕೆ ಇರುವಲ್ಲಿ, ಕ್ಷಾಮವನ್ನು ಮುಚ್ಚಿಡಲು ಸರ್ಕಾರಕ್ಕೆ ಆಗುವುದಿಲ್ಲ ಎಂಬ ಅಮರ್ತ್ಯ ಸೇನರ ವಾದಕ್ಕೆ ಈ ಬಯಲುಸೀಮೆ ಒಳ್ಳೆಯ ಪುರಾವೆ. ಇದಕ್ಕೆ ಒಂದು ಗಟ್ಟಿ ಆಕ್ಷೇಪಣೆಯಿದೆ. 1880ರ ಕ್ಷಾಮ ಆಯೋಗದ ನಂತರ ಬ್ರಿಟಿಷರೇ ಕ್ಷಾಮ ಸಂಹಿತೆ ರೂಪಿಸಿದ್ದರು. 1942–43ರಲ್ಲಿ ವಿಜಯಪುರ ಜಿಲ್ಲೆಗೆ ಬರ ಬಂದಾಗ ಮುಂಬೈ ಸರ್ಕಾರ ಆ ಸಂಹಿತೆಯ ಪ್ರಕಾರ ಕಾಮಗಾರಿ ತೆರೆಯಿತು. ಹಾಗಾಗಿ ಜೀವ ಉಳಿಸಿದ್ದು ಸ್ವಾತಂತ್ರ್ಯವಲ್ಲ, ಆಡಳಿತದ ಅನುಭವ ಎನ್ನಬಹುದು. ಇದರಲ್ಲಿ ಸತ್ಯವಿದೆ, ಮನ್ನಿಸಬೇಕು. ಆದರೆ ಅಂಥದ್ದೇ ಸಂಹಿತೆ ಜಾರಿಯಲ್ಲಿದ್ದಾಗಲೇ, ಅದೇ ಸಾಮ್ರಾಜ್ಯದ ಅಡಿಯಲ್ಲಿ, 1943ರಲ್ಲಿ ಬಂಗಾಳದಲ್ಲಿ ಕ್ಷಾಮವನ್ನು ಘೋಷಿಸಲೇ ಇಲ್ಲ; ಲಕ್ಷಾಂತರ ಜನ ಸತ್ತರು. ಸಂಹಿತೆ ಇದ್ದರೂ ಅದನ್ನು ಜಾರಿ ಮಾಡುವುದು ಬಿಡುವುದು ಮೇಲಿನವರ ಮರ್ಜಿಗೆ ಬಿಟ್ಟದ್ದಾಗಿತ್ತು. 1952ರ ಮೊದಲ ಸಾರ್ವತ್ರಿಕ ಚುನಾವಣೆಯ ನಂತರ ಆ ಮರ್ಜಿಗೆ ಜನ ಲಗಾಮು ಹಾಕಿದರು. ಸ್ವಾತಂತ್ರ್ಯ ಈ ಸೀಮೆಗೆ ಕೊಟ್ಟದ್ದರಲ್ಲಿ ಅತಿ ದೊಡ್ಡದು ಇದು ಎಂದು ನಾನು ಭಾವಿಸುತ್ತೇನೆ. ಇದನ್ನು ಕಡಿಮೆ ಮಾಡಿ ಹೇಳುವುದು ಸತ್ತವರಿಗೆ ಮಾಡುವ ಅನ್ಯಾಯ.

ರಾಜಕೀಯ ಬದಲಾವಣೆ ಊರೊಳಗೂ ಇಳಿಯಿತು. 1935ರ ಕಾಯಿದೆಯ ಪ್ರಕಾರ ಮತ ಇದ್ದದ್ದು ಆಸ್ತಿ, ಕಂದಾಯ, ಓದು ಇದ್ದ ಕೆಲವರಿಗಷ್ಟೇ. ನಿಜಾಮನ ದಂಡೆಯಲ್ಲಿ ಜವಾಬ್ದಾರಿ ಸರ್ಕಾರ ಎಂಬುದೇ ಇರಲಿಲ್ಲ. ಸ್ವಾತಂತ್ರ್ಯ ಬಂದ ಐದು ವರ್ಷದೊಳಗೆ ವಯಸ್ಕರೆಲ್ಲರಿಗೂ ಮತ ಬಂತು. 1948ರ ಮುಂಬೈ ಗೇಣಿ ಕಾಯಿದೆ, 1949ರಲ್ಲಿ ಹೈದರಾಬಾದಿನ ಜಹಗೀರು ರದ್ದತಿ, 1950ರ ಪರಗಣಾ ಮತ್ತು ಕುಲಕರ್ಣಿ ವತನ ರದ್ದತಿ, ಕೊನೆಗೆ 1974ರ ಭೂಸುಧಾರಣೆ ಒಂದರ ಹಿಂದೆ ಒಂದು ಬಂದವು. ಗೌಡಕಿ, ಕುಲಕರ್ಣಿಕೆಗಳು ವಂಶದ ಆಸ್ತಿಯಾಗಿ ಉಳಿಯಲಿಲ್ಲ. ಇಲ್ಲಿಯ ಒಣಬೇಸಾಯದ ಹೊಲಗಳಲ್ಲಿ ಗೇಣಿದಾರರು ಕರಾವಳಿಯಷ್ಟು ಇರಲಿಲ್ಲವಾದ್ದರಿಂದ 1974ರ ಕಾಯಿದೆ ಇಲ್ಲಿ ಅಲ್ಲಿಯಷ್ಟು ಭೂಮಿ ಹಂಚಲಿಲ್ಲ. ಕೂಲಿಯವನಿಗೆ ಹೊಲ ಸಿಕ್ಕಿದ್ದು ಅಪರೂಪ. ಆದರೂ ಒಂದು ಹೋಲಿಕೆ ಮಾಡಿ ನೋಡಿದರೆ ನಡೆದದ್ದರ ಬೆಲೆ ತಿಳಿಯುತ್ತದೆ. 1957ರಲ್ಲಿ ಸ್ವತಂತ್ರವಾದ ಘಾನಾದಲ್ಲಿ ಕೋಕೋ ಬೆಳೆಯನ್ನು ಕೊಳ್ಳುವ ಏಕಸ್ವಾಮ್ಯ ಮಂಡಳಿಯನ್ನು ಬ್ರಿಟಿಷರು ಕಟ್ಟಿಟ್ಟು ಹೋಗಿದ್ದರು. ಹೊಸ ಸರ್ಕಾರ ಅದನ್ನು ಒಡೆಯಲಿಲ್ಲ. ರೈತನಿಗೆ ಕಡಿಮೆ ಬೆಲೆ ಕೊಟ್ಟು, ಹೊರಗೆ ಹೆಚ್ಚು ಬೆಲೆಗೆ ಮಾರಿ, ಉಳಿದದ್ದನ್ನು ತನ್ನ ಯೋಜನೆಗಳಿಗೆ ಬಳಸಿತು. ಹಿಂಡುವ ಯಂತ್ರ ಕೈ ಬದಲಿಸಿತು, ಹಿಂಡುವುದು ನಿಲ್ಲಲಿಲ್ಲ. ನಮ್ಮಲ್ಲಿ ಆ ಯಂತ್ರ ಭೂಕಂದಾಯವಾಗಿತ್ತು. ರೈತನಿಗೆ ಮತ ಬಂದ ಮೇಲೆ ಕಂದಾಯ ಏರಿಸುವ ಧೈರ್ಯ ಯಾವ ಸರ್ಕಾರಕ್ಕೂ ಬರಲಿಲ್ಲ. ಅದು ಬರಬರುತ್ತ ಹೆಸರಿಗಷ್ಟೇ ಉಳಿಯಿತು. ಹಿಂಡುವುದು ನಿಂತಿತು. ಆದರೆ ಹಿಂಡುವುದು ನಿಂತ ಮಾತ್ರಕ್ಕೆ ನೀರು ಬರುವುದಿಲ್ಲ. ಇಲ್ಲಿಂದ ಆರ್ಥಿಕ ಪ್ರಶ್ನೆ ಶುರುವಾಗುತ್ತದೆ.

ಬಯಲುಸೀಮೆಯ ಅರ್ಥವ್ಯವಸ್ಥೆ ಎಂದರೆ ಮೊದಲಿಗೆ ನೀರು. ಕೃಷ್ಣಾ ಕೊಳ್ಳದಲ್ಲಿ ಬ್ರಿಟಿಷರು ಎಲ್ಲಿ ದುಡ್ಡು ಹಾಕಿದರು ಎಂದು ನೋಡಿರಿ. 1855ರಲ್ಲಿ ವಿಜಯವಾಡದ ಅಣೆಕಟ್ಟು ಮುಗಿಯಿತು. ಡೆಲ್ಟಾ ಪ್ರದೇಶ ಹಸಿರಾಯಿತು, ಕಂದಾಯ ಏರಿತು. ಭೀಮೆಯ ಮೇಲ್ಭಾಗದಲ್ಲಿ ಪುಣೆಯ ಸುತ್ತ ಖಡಕವಾಸಲಾ, ನೀರಾ ಕಾಲುವೆ, ಭಾಟಘರ ಬಂದವು. ಕೃಷ್ಣೆ ಮತ್ತು ಭೀಮೆ ಎರಡೂ ಹಾದುಹೋಗುವ ವಿಜಯಪುರ ಜಿಲ್ಲೆಗೆ ಒಂದು ದೊಡ್ಡ ಕಾಲುವೆಯೂ ಬರಲಿಲ್ಲ. 1876ರ ಬರದಲ್ಲಿ ಅಷ್ಟು ಜನ ಸತ್ತ ಮೇಲೂ ಬರಲಿಲ್ಲ. ಡೆಲ್ಟಾದ ಕಾಲುವೆ ತಾನೇ ಹಣ ಮರಳಿ ಕೊಡುತ್ತಿತ್ತು. ಇಲ್ಲಿ ಹೊಳೆ ಆಳದಲ್ಲಿ ಹರಿಯುತ್ತದೆ, ಹೊಲ ಎತ್ತರದಲ್ಲಿದೆ, ಎತ್ತರಕ್ಕೆ ನೀರು ಹತ್ತಿಸಲು ಖರ್ಚು ಹೆಚ್ಚು. ಲಾಭದ ಲೆಕ್ಕ ಹಾಕುವ ಸರ್ಕಾರ ಇಲ್ಲಿಗೆ ಬರದೆ ಇದ್ದದ್ದು ಆಶ್ಚರ್ಯವಲ್ಲ. ಆಶ್ಚರ್ಯ ಮುಂದಿನದು. ಕೃಷ್ಣಾ ಕೊಳ್ಳದ ನೀರನ್ನು ರಾಜ್ಯಗಳಿಗೆ ಹಂಚಲು ಸ್ವತಂತ್ರ ಭಾರತ 1969ರಲ್ಲಿ ಬಚಾವತ್ ನ್ಯಾಯಮಂಡಳಿಯನ್ನು ನೇಮಿಸಿತು. ಅದು 1973ರಲ್ಲಿ ತೀರ್ಪು ಕೊಟ್ಟು 1976ರಲ್ಲಿ ಅಂತಿಮಗೊಳಿಸಿತು. ಕೊಳ್ಳದ ನಂಬಬಹುದಾದ ನೀರು 2,060 ಟಿಎಂಸಿ ಎಂದು ಲೆಕ್ಕ ಹಿಡಿದು, 1960ರ ಸೆಪ್ಟೆಂಬರ್ ಹೊತ್ತಿಗೆ ಬಳಕೆಯಲ್ಲಿದ್ದ ಇಲ್ಲವೇ ಮಂಜೂರಾಗಿದ್ದ ಯೋಜನೆಗಳ ನೀರನ್ನು ಮೊದಲು ಕಾಪಾಡಿತು. ಅದೇ ಸುಮಾರು 1,693 ಟಿಎಂಸಿ ಆಯಿತು. ಕೃಷ್ಣಾ ಡೆಲ್ಟಾದ್ದೊಂದೇ 181 ಟಿಎಂಸಿ. ಹೊಸದಾಗಿ ಹಂಚಲು ಉಳಿದದ್ದು ಆರನೆಯ ಒಂದು ಪಾಲಿನ ಆಸುಪಾಸು. ಕರ್ನಾಟಕಕ್ಕೆ ಒಟ್ಟು 700 ಟಿಎಂಸಿ ಬಂದರೂ ಭೀಮೆಯ ಮುಖ್ಯ ಹೊಳೆಯಿಂದ 15 ಟಿಎಂಸಿಗಿಂತ ಹೆಚ್ಚು ಎತ್ತುವಂತಿಲ್ಲ ಎಂಬ ಕಟ್ಟು ಬಿತ್ತು. ಮೇಲಿನ ಮಹಾರಾಷ್ಟ್ರಕ್ಕೆ ಅದೇ ಹೊಳೆಯಲ್ಲಿ 95 ಟಿಎಂಸಿ.

ಕಾಪಾಡಿದ ಆ ನೀರಿನಲ್ಲಿ ತುಂಗಭದ್ರಾ, ನಾಗಾರ್ಜುನಸಾಗರದಂಥ ಸ್ವಾತಂತ್ರ್ಯಾನಂತರದ ಯೋಜನೆಗಳೂ ಇದ್ದವು. ಎಲ್ಲವನ್ನೂ ಬ್ರಿಟಿಷರ ತಲೆಗೆ ಕಟ್ಟಲಾಗದು. ಮತ್ತೊಂದು ಮಾತನ್ನೂ ಕೇಳಬೇಕು. ನೂರು ವರ್ಷದಿಂದ ಭತ್ತ ಬೆಳೆಯುತ್ತ ಬಂದ ಡೆಲ್ಟಾದ ರೈತನ ನೀರು ಕಿತ್ತು ಸಿಂದಗಿಯ ರೈತನಿಗೆ ಕೊಡುವುದು ನ್ಯಾಯವೇ? ಅಲ್ಲ. ಅವನೂ ಬದುಕಬೇಕಾದವನೇ. ಬಳಕೆಯಲ್ಲಿರುವುದನ್ನು ಕಾಪಾಡುವ ನಿಯಮ ಬೇರೆ ದೇಶಗಳ ನದಿ ಕಾನೂನುಗಳಲ್ಲೂ ಇದೆ. ನನ್ನ ತಕರಾರು ನಿಯಮದ ಮೇಲಲ್ಲ; ಆ ನಿಯಮ ಯಾರ ಪರವೂ ಅಲ್ಲ ಎಂದು ತಿಳಿಯುವುದರ ಮೇಲೆ. ಹಿಂದಿನ ಬಳಕೆಗೆ ಮೊದಲ ಮಣೆ ಎಂದಾಗ, ಹಿಂದೆ ಯಾರಿಗೆ ಬಳಸಲು ಬಿಡಲಾಗಿತ್ತು ಎಂಬ ಪ್ರಶ್ನೆಯೂ ಅದರೊಳಗೇ ಇರುತ್ತದೆ. ಪರಕೀಯ ಸರ್ಕಾರದ ಲಾಭದ ಲೆಕ್ಕ ಹೀಗೆ ಸ್ವತಂತ್ರ ಭಾರತದ ಹಕ್ಕುಪತ್ರವಾಯಿತು. ಕಾಪಾಡುವುದು ಅನಿವಾರ್ಯವಾಗಿದ್ದರೆ, ಕಾಪಾಡಿಸಿಕೊಳ್ಳಲು ಏನೂ ಇಲ್ಲದ ಸೀಮೆಗೆ ಹೊಸ ಹಣ ಮೊದಲು ಬರಬೇಕಿತ್ತು. ಬಂದದ್ದು ಹೇಗೆ ಎಂಬುದಕ್ಕೆ ಕೃಷ್ಣೆಯ ಮೇಲಿನ ಆಲಮಟ್ಟಿ ಅಣೆಕಟ್ಟೇ ಉತ್ತರ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. 2006ರ ಆಗಸ್ಟ್‌ನಲ್ಲಿ ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದರು. ನಡುವೆ 42 ವರ್ಷ. ಎರಡನೆಯ ನ್ಯಾಯಮಂಡಳಿ 2010ರಲ್ಲಿ ಅಣೆಕಟ್ಟಿನ ಎತ್ತರವನ್ನು 524.256 ಮೀಟರಿಗೆ ಒಪ್ಪಿತು. 2011ರಲ್ಲಿ ಸುಪ್ರೀಂ ಕೋರ್ಟಿನ ತಡೆಯಿಂದ ಅದರ ಅಧಿಸೂಚನೆ ನಿಂತಿತು. ಮುಳುಗಡೆಯಾದ ಬಾಗಲಕೋಟೆಯ ಓಣಿಗಳು, ಎದ್ದು ಹೋದ ಊರುಗಳು ತಮ್ಮ ಬೆಲೆ ತೆತ್ತಿವೆ. ಇಂಡಿ, ಸಿಂದಗಿಯ ಬಾಲದ ಹೊಲಗಳಿಗೆ ನೀರಿನ ಸರದಿ ಇನ್ನೂ ಜಗಳದ ವಿಷಯ.

ರೈಲ್ವೆ ಕೊಟ್ಟು ಹೋದರಲ್ಲ ಎಂಬ ಮಾತು ಯಾವಾಗಲೂ ಬರುತ್ತದೆ. ಕೊಟ್ಟರು. ಬರಗಾಲದ ಬೆನ್ನಿಗೆ ಹೊಟಗಿ–ಗದಗ ಮೀಟರ್ ಗೇಜ್ ದಾರಿ 1880ರ ದಶಕದಲ್ಲಿ ಬಂತು. ಧಾನ್ಯ ಒಳಗೆ ತರಲು ಅನುಕೂಲವಾಯಿತು, ಹತ್ತಿಯನ್ನು ಹೊರಗೆ ಒಯ್ಯಲೂ ಅನುಕೂಲವಾಯಿತು. ಸೋಲಾಪುರ, ಮುಂಬೈಗಳ ಗಿರಣಿಗೆ ಹತ್ತಿ ಹೋಯಿತು, ಗಿರಣಿ ಮಾತ್ರ ಈ ಜಿಲ್ಲೆಗೆ ಬರಲಿಲ್ಲ. ಆ ದಾರಿ ಬ್ರಾಡ್ ಗೇಜ್ ಆಗಲು 2008ರವರೆಗೆ ಕಾಯಬೇಕಾಯಿತು. ಸಿಂದಗಿ ಪಟ್ಟಣಕ್ಕೆ ಇಂದಿಗೂ ರೈಲಿಲ್ಲ. ಇದರ ಹೊಣೆ ಅರ್ಧ ಅವರದು, ಅರ್ಧ ನಮ್ಮದು.

ಇನ್ನು ಗೆರೆಗಳ ವಿಚಾರ. ಆಫ್ರಿಕಾದ ಹೊಸ ದೇಶಗಳು 1964ರಲ್ಲಿ ಕೈರೋದಲ್ಲಿ ಕೂಡಿ, ಯೂರೋಪಿನವರು ಎಳೆದ ಗಡಿಗಳನ್ನೇ ಉಳಿಸಿಕೊಳ್ಳೋಣ ಎಂದು ಠರಾವು ಮಾಡಿದವು; ಮುಟ್ಟಿದರೆ ಯುದ್ಧ ಎಂಬ ಭಯ ಅವಕ್ಕಿತ್ತು. ಭಾರತ ಒಳಗಿನ ಗಡಿಗಳನ್ನು ಭಾಷೆಯ ಮೇಲೆ ಮತ್ತೆ ಎಳೆಯುವ ಧೈರ್ಯ ಮಾಡಿತು. 1956ರ ಏಕೀಕರಣ ಕನ್ನಡಿಗರಿಗೆ ಶಾಲೆ, ಕಚೇರಿ, ಶಾಸನಸಭೆಗಳನ್ನು ತಮ್ಮ ಭಾಷೆಯಲ್ಲಿ ಕೊಟ್ಟಿತು. ಮೋಡಿ ಅಕ್ಷರದ ದಫ್ತರ, ಉರ್ದು ಕಚೇರಿಗಳ ಕಾಲ ಕಂಡ ಜನಕ್ಕೆ ಇದು ಸಣ್ಣ ಸಂಗತಿಯಲ್ಲ. ಆದರೆ ಲಾಭದ ಜೊತೆ ಒಂದು ನಷ್ಟವೂ ಬಂತು, ಅದನ್ನು ನಾವು ಸಾಕಷ್ಟು ಮಾತಾಡಿಲ್ಲ. ಇಂಡಿ, ಸಿಂದಗಿಗಳ ಸಹಜ ಪೇಟೆ ಸೋಲಾಪುರವಾಗಿತ್ತು. ಅದು ಮಹಾರಾಷ್ಟ್ರದಲ್ಲಿ ಉಳಿಯಿತು. ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತದ ಕನ್ನಡ ಊರುಗಳನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಅದು ಜಾರಿಯಾಗಲಿಲ್ಲ. ಮುಂಬೈ ಪ್ರಾಂತದ ತುದಿಯಲ್ಲಿದ್ದ ಜಿಲ್ಲೆ ಹೊಸ ರಾಜ್ಯದಲ್ಲೂ ತುದಿಗೇ ಬಿತ್ತು. ರಾಜಧಾನಿ 500 ಕಿಲೋಮೀಟರಿನಾಚೆ. ಹಳೆಯ ಮೈಸೂರಿಗೆ ದಿವಾನರ ಕಾಲದ ವಿದ್ಯುತ್ತು, ಕಾಲುವೆ, ಕಾರ್ಖಾನೆಗಳ ಅಡಿಪಾಯ ಇತ್ತು. ಹೊಸ ಹೂಡಿಕೆ ಅಡಿಪಾಯ ಇದ್ದಲ್ಲಿಗೇ ಹೋಯಿತು. ನೀರಿನಲ್ಲಿ ಆದದ್ದೇ ಇಲ್ಲಿಯೂ ಆಯಿತು.

ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಈ ಅಂತರವನ್ನು ಅಂಕಿಗಳಲ್ಲಿ ಬಿಚ್ಚಿಟ್ಟಿತು. 35 ಸೂಚಕಗಳ ಮೇಲೆ ರಾಜ್ಯದ 175 ತಾಲೂಕುಗಳನ್ನು ಅಳೆದು, 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಆ 39ರಲ್ಲಿ 26 ಉತ್ತರ ಕರ್ನಾಟಕದವು, ಅದರಲ್ಲೂ 21 ಕಲಬುರಗಿ ವಿಭಾಗದವು. ನಿಜಾಮನ ದಂಡೆಯ ಹಿಂದುಳಿದಿರುವಿಕೆ ಎದ್ದು ಕಾಣುತ್ತದೆ. ಹೀಗಾಗಿ ಸಂವಿಧಾನದ 371(ಜೆ) ವಿಧಿ ಬಂದದ್ದು ನ್ಯಾಯವೇ. 2013ರಿಂದ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ನೌಕರಿಯಲ್ಲಿ, ಕಾಲೇಜು ಸೀಟುಗಳಲ್ಲಿ ಮೀಸಲು, ಪ್ರತ್ಯೇಕ ಅಭಿವೃದ್ಧಿ ಮಂಡಳಿ ಸಿಕ್ಕವು. ಆದರೆ ಅಫಜಲಪುರದ ಹುಡುಗಿಗೆ ಸಿಗುವ ಸೀಟು ಹೊಳೆ ಈಚೆಯ ಸಿಂದಗಿಯ ಹುಡುಗಿಗೆ ಸಿಗುವುದಿಲ್ಲ. ಎರಡೂ ಕಡೆ ಬರ ಒಂದೇ, ಗುಳೆ ಒಂದೇ. 1956ರಲ್ಲಿ ಅಳಿಸಿದೆವು ಎಂದುಕೊಂಡ ಗಡಿ ಸಂವಿಧಾನದ ತಿದ್ದುಪಡಿಯ ಮೂಲಕ ಭೀಮೆಯ ಮೇಲೆ ಮರಳಿ ಬಂತು. 2019ರಲ್ಲಿ ಆಚೆಯದು ಕಲ್ಯಾಣ ಕರ್ನಾಟಕವಾಯಿತು, 2021ರಲ್ಲಿ ಈಚೆಯದು ಕಿತ್ತೂರು ಕರ್ನಾಟಕವಾಯಿತು. ಗೆರೆ ಹಾಗೆಯೇ ಇದೆ.

ಇದನ್ನು ಆಚೆ ದಂಡೆಯವರ ಮೇಲಿನ ಹೊಟ್ಟೆಕಿಚ್ಚಾಗಿ ಓದಬಾರದು. ಅಫಜಲಪುರ ಪಡೆದದ್ದು ತಡವಾಗಿಯೇ ಪಡೆದದ್ದು, ಇನ್ನೂ ಸಾಲದು. ಇತಿಹಾಸ ಅನ್ಯಾಯ ಮಾಡಿದ್ದು ಯಾರಿಗೆ ಎಂದು ತೀರ್ಮಾನಿಸಲು ಹಳೆಯ ರಾಜರ ಹೆಸರು ಸಾಕಾಗುವ ಅಳತೆಯೇ ಎಂಬುದು ಪ್ರಶ್ನೆ. ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿದ್ದ ಜಿಲ್ಲೆ. ಅದೂ 371(ಜೆ)ಯೊಳಗೆ ಬಂದಿದೆ. ಅಂದರೆ ಗೆರೆಯನ್ನು ಅಗತ್ಯ ನೋಡಿ ಸರಿಸಲು ಬರುತ್ತದೆ ಎಂದು ಸಂಸತ್ತೇ ಒಪ್ಪಿದಂತಾಯಿತು. ತಾಲೂಕುವಾರು ಅಳತೆ ನಂಜುಂಡಪ್ಪನವರ ಕಡತದಲ್ಲಿ ಸಿದ್ಧವಿರುವಾಗ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಮಕ್ಕಳನ್ನು ಸತ್ತುಹೋದ ಸಾಮ್ರಾಜ್ಯದ ಆಧಾರದ ಮೇಲೆ ಹೊರಗಿಡಲು ಕಾರಣ ಕಾಣುವುದಿಲ್ಲ.

75 ವರ್ಷ ದಾಟಿತು, ಇನ್ನೂ ಪರಕೀಯರನ್ನು ದೂರುತ್ತ ಕೂಡುವುದೇ ಎನ್ನುವವರಿಗೆ ಕೊನೆಯ ಉತ್ತರ ಕೊಡಬೇಕು. ಅವಿಭಜಿತ ವಿಜಯಪುರ ಜಿಲ್ಲೆ ಬಿ. ಡಿ. ಜತ್ತಿ, ಎಸ್. ಆರ್. ಕಂಠಿ ಎಂಬ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿದೆ. ಅಧಿಕಾರ ಇರಲಿಲ್ಲ ಎನ್ನುವಂತಿಲ್ಲ. ಜನ ತಾವೇ ಕಟ್ಟಿಕೊಂಡದ್ದೂ ಇದೆ. ಸರ್ಕಾರಕ್ಕೆ ಕಾಯದೆ ಫ. ಗು. ಹಳಕಟ್ಟಿಯವರು 1910ರಲ್ಲಿ ಬಿಎಲ್‌ಡಿಇ ಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ವಿಜಯಪುರದಲ್ಲಿ ಕಟ್ಟಿದರು. ಆ ಊರು ಇಂದು ಶಿಕ್ಷಣದ ಪೇಟೆಯಾಗಿರುವುದರ ಬೇರು ಅಲ್ಲಿದೆ. ಕೂಡಗಿಯಲ್ಲಿ 2,400 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಬಂದಿದೆ. ಹಾಗಿದ್ದೂ ಬೇಸಿಗೆ ಬಂದರೆ ಈ ತಾಲೂಕುಗಳ ಜನ ಪುಣೆ, ಮುಂಬೈ, ಬೆಂಗಳೂರು, ಮಂಗಳೂರುಗಳಿಗೆ ದುಡಿಯಲು ಹೋಗುತ್ತಾರೆ. 1961ರಲ್ಲಿ ಪೋರ್ಚುಗೀಸರಿಂದ ಬಿಡುಗಡೆಯಾದ ಗೋವೆಯ ರಸ್ತೆ, ಬಂದರು, ಕಟ್ಟಡಗಳ ಕೆಲಸದಲ್ಲಿ ವಿಜಯಪುರ, ಬಾಗಲಕೋಟೆಯ ಕೂಲಿಗಳ ಬೆವರು ಬೆರೆತಿದೆ. ವಾಸ್ಕೋದ ಬೈನಾದಲ್ಲಿ ಅವರ ಗುಡಿಸಲುಗಳು ಎಷ್ಟೋ ಸಲ ಬಿದ್ದಿವೆ, ಮತ್ತೆ ಎದ್ದಿವೆ. ಹೊಣೆ ನಮ್ಮದು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೊಣೆ ನಮ್ಮದಾದ್ದರಿಂದಲೇ ಹಳೆಯ ಸರ್ಕಾರದ ಲೆಕ್ಕವನ್ನು ಹಕ್ಕೆಂದು ಒಪ್ಪಿಕೊಂಡದ್ದನ್ನು ಮರುಪರಿಶೀಲಿಸಬೇಕು ಎನ್ನುತ್ತಿದ್ದೇನೆ. ಮೊದಲ ಕೆಲಸ ಭೀಮೆಯದೇ ಆಗಲಿ. ಬೇಸಿಗೆಯಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಎಷ್ಟು ನೀರು ಕೆಳಗೆ ಬಿಡಬೇಕು, 2020ರ ಅಕ್ಟೋಬರ್‌ನಂಥ ನೆರೆಯಲ್ಲಿ ಎಷ್ಟು ಹೊತ್ತು ಮೊದಲೇ ಕೆಳಗಿನ ಊರುಗಳಿಗೆ ತಿಳಿಸಬೇಕು ಎಂಬುದನ್ನು ಎರಡು ರಾಜ್ಯಗಳು ಕೂಡಿ ಬರವಣಿಗೆಯಲ್ಲಿ ಕಟ್ಟಿಕೊಳ್ಳಲಿ. ಆ ಮಾತುಕತೆಯಲ್ಲಿ ಅಫಜಲಪುರದವರೂ ಸಿಂದಗಿಯವರೂ ಒಂದೇ ಕಡೆ ಕೂತಿರಲಿ.